ಕೆಳಗಿನ ಅಂಕಿ

ಮೋಟೆಬೆನ್ನೂರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗುವ ಲಾರಿಗಳು ಇಲ್ಲಿ ಹೆದ್ದಾರಿ ಬಿಟ್ಟು ತಿರುಗುತ್ತವೆ. ಮಾತನಾಡುವವರು ಇಬ್ಬರು. ಒಬ್ಬರು ಈ ಕಡೆ ಬಹುಕಾಲ ಔಷಧ ಅಂಗಡಿ ನಡೆಸಿ, ಈಗ ಮಗನನ್ನು ಗಲ್ಲೆಯ ಮೇಲೆ ಕೂರಿಸಿದವರು. ಇನ್ನೊಬ್ಬಳು ಅವರ ಅಣ್ಣನ ಮಗಳು. ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಾಳೆ.

ಕಾಕಾ: ನೋಡವಾ, ಈ ಕಡೆ ಎಲ್ಲಾರೂ ಒಂದ ಮಾತು ಹೇಳ್ತಾರ, ಖಾರ ತಿಂದ್ರ ಬಿಪಿ ಏರ್ತೈತಿ ಅಂತ. ಸೋಮವಾರ, ಗುರುವಾರ ಬ್ಯಾಡಗಿ ಪ್ಯಾಟ್ಯಾಗ ಉಸಿರಾಡಿದ್ರೂ ಖಾರ ಒಳಗ ಹೋಗ್ತೈತಿ. ಅಲ್ಲಿ ಚೀಲ ಹೊರೋ ಹಮಾಲರು, ತೊಟ್ಟು ಮುರಿಯೋ ಹೆಣ್ಮಕ್ಕಳು, ಅವರ ಗತಿ ಏನು ಹಂಗಾರ?

ವೈದ್ಯೆ: ಖಾರದ ಮ್ಯಾಲೆ ಸುಳ್ಳ ಅಪವಾದ ಕಾಕಾ. ಅದರಾಗೂ ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕ. ಕೆಂಪಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗಿ ತಿಂದು ಬಿಪಿ ಏರಿದ್ರ ಅದು ಉಪ್ಪಿನ ಕೆಲಸ. ದಿನಕ್ಕ 5 ಗ್ರಾಂ ಒಳಗ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ.

ಕಾಕಾ: ಉಪ್ಪಿನ ಸಲುವಾಗಿ 1930ರಾಗ ಗಾಂಧೀಜಿ ಜೋಡಿ ದಂಡಿಗೆ ನಡೆದ ಮೈಲಾರ ಮಹಾದೇವಪ್ಪ ಹುಟ್ಟಿದ ಊರಾಗ ಕುಂತು ಉಪ್ಪು ಬಿಡ್ರಿ ಅಂತೀಯಲ್ಲ!

ವೈದ್ಯೆ: ಬಿಡ್ರಿ ಅಂದಿಲ್ಲ, ಕಡಿಮಿ ಮಾಡ್ರಿ ಅಂದೆ. ಅದಿರಲಿ, ಅಂಗಡಿಗೆ ಬಂದವರು ಬಿಪಿ ಎಷ್ಟೈತಿ ಅಂತ ಕೇಳಿದ್ರ ಏನು ಹೇಳ್ತಾರ?

ಕಾಕಾ: 160 ಐತ್ರಿ, 140 ಐತ್ರಿ ಅಂತಾರ. ಕೆಳಗಿಂದು ಯಾರಿಗೂ ನೆನಪಿರೂದಿಲ್ಲ. ಇರೂದಾದ್ರೂ ಯಾಕ? ಲಕ್ವಾ ಹೊಡಿಯೂದು ಮ್ಯಾಲಿಂದು ಏರಿದ್ರ ತಾನ?

ವೈದ್ಯೆ: ಹೃದಯಕ್ಕ ತಾನ ರಕ್ತ ಸಿಗೂದು ಆ ಕೆಳಗಿನ ಅಂಕಿಯಿಂದ. ಹೃದಯ ಬಿಗಿದು ಒತ್ತಿದಾಗ ಉಳಿದ ಅಂಗಗಳಿಗೆಲ್ಲಾ ರಕ್ತ ಜೋರಾಗಿ ಹೋಗ್ತೈತಿ. ಆದ್ರ ಅದರ ಎಡಭಾಗದ ದಪ್ಪ ಗೋಡಿಗೆ ಆ ಹೊತ್ತಿನಾಗ ಹೆಚ್ಚೇನೂ ದಕ್ಕೂದಿಲ್ಲ, ಯಾಕಂದ್ರ ಸ್ನಾಯು ಬಿಗಿದಾಗ ತನ್ನೊಳಗಿನ ಸಣ್ಣ ರಕ್ತನಾಳಗಳನ್ನ ತಾನ ಹಿಚುಕ್ತೈತಿ. ಸಡಿಲಾದ ಮ್ಯಾಲೆ ಮಹಾಪಧಮನಿಯೊಳಗ ಉಳಿದ ಒತ್ತಡ ಐತಲ್ಲ, ಅದು ಕರೋನರಿ ನಾಳಗಳಿಗೆ ರಕ್ತ ನೂಕ್ತೈತಿ. ತೋಳಿಗೆ ಪಟ್ಟಿ ಕಟ್ಟಿ ನೋಡೋ ಕೆಳಗಿನ ಅಂಕಿ ಸುಮಾರಾಗಿ ಆ ಒತ್ತಡನ. ಅದರಾಗ ಎಡ ಕುಕ್ಷಿಯೊಳಗಿನ ಒತ್ತಡ ಕಳೀರಿ. ಉಳಿದದ್ದು ಹೃದಯದ ಪಾಲು.

ಕಾಕಾ: ಒತ್ತಡ ಒಂದ ಸಾಕಾಗ್ತೈತಿ?

ವೈದ್ಯೆ: ಹೊತ್ತೂ ಬೇಕು. ನಾಡಿ ನಿಮಿಷಕ್ಕ 75 ಇದ್ದಾಗ ಒಂದು ಬಡಿತಕ್ಕ 0.8 ಸೆಕೆಂಡು. ಅದರಾಗ ಬಿಗಿಯೂದಕ್ಕ 0.27, ಸಡಿಲಾಗಿರೂದಕ್ಕ 0.53. ನಾಡಿ 120 ಆತು ಅಂದ್ರ ಒಟ್ಟು ಅರ್ಧ ಸೆಕೆಂಡು. ಬಿಗಿಯೋ ಹೊತ್ತು ಅಷ್ಟಾಗಿ ಕಡಿಮಿ ಆಗೂದಿಲ್ಲ. ಸಡಿಲಿಕಿ ಹೊತ್ತು ಮಾತ್ರ ಅರ್ಧಕ್ಕ ಬಂದು ನಿಲ್ತೈತಿ. ಕೆಲಸ ಹೆಚ್ಚಾದಾಗ್ಲೇ ಉಣ್ಣೋ ಹೊತ್ತು ಕಡಿಮಿ. ಇನ್ನೊಂದು ತೊಡಕು ಐತಿ. ಒಟ್ಟು ಮೈ ಲೆಕ್ಕ ಹಿಡಿದ್ರ ರಕ್ತದಾಗಿನ ಆಮ್ಲಜನಕದಾಗ ಕಾಲು ಭಾಗ ಖರ್ಚಾಗಿ, ಮುಕ್ಕಾಲು ಹಿಂದಕ್ಕ ಬರ್ತೈತಿ. ಹೃದಯ ನಾವು ಸುಮ್ಮನ ಕುಂತಾಗಲೂ ನೂರಕ್ಕ 70ರಿಂದ 75 ಹೀರಿಬಿಡ್ತೈತಿ. ಹಂಗಾಗಿ ಹೆಚ್ಚು ಬೇಕಂದ್ರ ಬಂದದ್ದರಾಗ ಹೆಚ್ಚು ತಗೊಳ್ಳಾಕ ಬರೂದಿಲ್ಲ, ಹೆಚ್ಚು ರಕ್ತನ ಬರಬೇಕು. ಸುಮ್ಮನಿದ್ದಾಗ ನಿಮಿಷಕ್ಕ ಸುಮಾರು 250 ಮಿಲಿಲೀಟರ್; ಓಡಿದ್ರ, ಚೀಲ ಹೊತ್ರ, ನಾಕೈದು ಪಟ್ಟು.

ಕಾಕಾ: ಕರೋನರಿ ನಾಳದಾಗ ಕೊಬ್ಬು ಕಟ್ಟಿಕೊಂಡಿದ್ರ?

ವೈದ್ಯೆ: ತುಂಗಾ ಮೇಲ್ದಂಡೆ ಕಾಲುವಿ ಕೊನಿಯಂಚಿನ ಹೊಲದವರನ್ನ ಕೇಳ್ರಿ. ಅವರು ತಮ್ಮ ತೂಬು ಪೂರ್ತಿ ತೆರೆದ ಕುಂತಿರ್ತಾರ, ಇನ್ನ ತೆರೀಲಿಕ್ಕೆ ಏನೂ ಉಳಿದಿರೂದಿಲ್ಲ. ಮ್ಯಾಲಿನವರು ಎಲ್ಲಾರೂ ಒಮ್ಮೆಲೇ ತೂಬು ಎತ್ತಿದ್ರ ಕಾಲುವಿ ಮಟ್ಟ ಇಳಿದು ಕೊನಿ ಹೊಲ ಒಣಗ್ತೈತಿ. ಕಟ್ಟಿಕೊಂಡ ನಾಳದ ಮುಂದಿನ ಸಣ್ಣ ನಾಳಗಳು ಮೊದಲ ಹಿಗ್ಗಿ ನಿಂತಿರ್ತಾವ. ಅಲ್ಲಿಗೆ ರಕ್ತ ಹೋಗೂದು ಪೂರ್ತಿ ಒತ್ತಡದ ಮ್ಯಾಲೆ. ಒಮ್ಮೆಲೇ ಎಲ್ಲಾ ಕಡೆ ನಾಳ ಹಿಗ್ಗಿಸೋ ಔಷಧ ಕೊಟ್ರ ಮೊದಲು ಕಷ್ಟ ಬರೂದು ಆ ಜಾಗಕ್ಕ, ಅದರಾಗೂ ಗೋಡಿಯ ಒಳಪದರಕ್ಕ.

ಕಾಕಾ: ಈಗ ನನ್ನ ಕಪಾಟಿನ ಕಡೆ ಬಾ. ನಾ ಅಂಗಡಿ ಹಾಕಿದಾಗ ಬಿಪಿ ಅಂದ್ರ ಅಡೆಲ್ಫೇನ್. ಚೀಟಿ ಮ್ಯಾಲೆ ಅದನ್ನ ಕಂಡಷ್ಟು ಬ್ಯಾರೆ ಯಾವುದನ್ನೂ ಕಂಡಿಲ್ಲ. ತಗೊಂಡವರು ಮೂಗು ಕಟ್ಟೈತಿ, ಮಂಕು ಹಿಡಿದೈತಿ ಅಂತ ಬರ್ತಿದ್ರು.

ವೈದ್ಯೆ: ಅದರಾಗ ಎರಡು ಔಷಧ ಇದ್ದವು, ರಿಸರ್ಪಿನ್ ಮತ್ತ ಡೈಹೈಡ್ರಲಜಿನ್. ರಿಸರ್ಪಿನ್ ನಮ್ಮ ಸರ್ಪಗಂಧಿ ಬೇರಿಂದು. ಮುಂಬೈಯ ರುಸ್ತುಂ ಜಾಲ್ ವಕೀಲ್ ಅನ್ನೋ ವೈದ್ಯರು ಆ ಬೇರು ಬಿಪಿ ಇಳಸ್ತೈತಿ ಅಂತ 1949ರಾಗ ಬ್ರಿಟಿಷ್ ಹಾರ್ಟ್ ಜರ್ನಲ್‌ದಾಗ ಬರೆದ ಮ್ಯಾಲೆ ಜಗತ್ತು ಇತ್ತ ತಿರುಗಿ ನೋಡಿತು. ರಿಸರ್ಪಿನ್ ಅನ್ನೋ ಸಾರ ಬೇರ್ಪಡಿಸಿದ್ದು 1952ರಾಗ, ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಾಗ. ನೀವು ಹೇಳಿದ ಮೂಗು ಕಟ್ಟೂದು, ಮಂಕು ಬಡಿಯೂದು ಆ ಬೇರಿನ ಗುಣನ. ಆದ್ರ ಎರಡನ್ನ ಯಾಕ ಕೂಡಿಸಿದ್ರು ಗೊತ್ತೇನು?

ಕಾಕಾ: ಎರಡು ಕೂಡಿದ್ರ ಜೋರು ಕೆಲಸ ಮಾಡ್ತಾವ ಅಂತ.

ವೈದ್ಯೆ: ಅದಷ್ಟ ಅಲ್ಲ. ಹೈಡ್ರಲಜಿನ್ ಜಾತಿ ಔಷಧ ನಾಳ ಹಿಗ್ಗಸ್ತೈತಿ, ಒತ್ತಡ ದಡಕ್ಕನ ಬೀಳ್ತೈತಿ. ಕುತ್ತಿಗಿ ನಾಳದಾಗ, ಮಹಾಪಧಮನಿಯಾಗ ಒತ್ತಡ ಅಳಿಯೋ ನರದ ತುದಿಗಳು ಅದಾವ. ಒತ್ತಡ ಬಿದ್ದದ್ದನ್ನ ಅವು ಮೆದುಳಿಗೆ ತಿಳಸ್ತಾವ, ಮೆದುಳು ಹೃದಯಕ್ಕ ಓಡು ಅಂತೈತಿ. ನಾಡಿ ಏರ್ತೈತಿ, ಸ್ನಾಯು ಜೋರು ಬಿಗೀತೈತಿ, ಅಂದ್ರ ಆಮ್ಲಜನಕ ಹೆಚ್ಚು ಬೇಕು. ಅತ್ತ ಕೆಳಗಿನ ಒತ್ತಡ ಬಿದ್ದಿರ್ತೈತಿ, ಸಡಿಲಿಕಿ ಹೊತ್ತೂ ಕಡಿಮಿ. ರಿಸರ್ಪಿನ್ ಆ ನರದ ಓಟ ತಡೀತಿತ್ತು. ಹಳೆ ಕಾಲದ ಮಿಶ್ರಣ ಅಂತ ಈಗಿನ ಹುಡುಗರು ನಗ್ತಾರ. ನನಗ ಅದರ ಹಿಂದಿನ ಲೆಕ್ಕ ಬಾಳ ಸೇರ್ತೈತಿ.

ಕಾಕಾ: ಆಮ್ಯಾಲೆ ಬಂತು ನಿಫೆಡಿಪಿನ್ ಕ್ಯಾಪ್ಸೂಲು. ಮೆತ್ತಗಿಂದು, ಒಳಗ ಎಣ್ಣಿ ಹಂಗ ಔಷಧ. ಬಿಪಿ 200 ಆಗೈತಿ ಅಂತ ಯಾರನ್ನಾದ್ರೂ ಎತ್ತಿಕೊಂಡು ಬಂದ್ರ ಸೂಜಿ ಚುಚ್ಚಿ ನಾಲಿಗಿ ಕೆಳಗ ಹನಿಸೋರು. ಸ್ವಲ್ಪ ಹೊತ್ತಿನಾಗ 140. ಮನಿಯವರು ಕೈ ಮುಗಿಯೋರು. ಈ ಊರು ಆ ಊರು ಅಂತಿಲ್ಲ, ದೇಶದ ತುಂಬ ಹಂಗ ನಡೀತಿತ್ತು.

ವೈದ್ಯೆ: ಬರೇ ದೇಶ ಅಲ್ಲ, ಅಮೆರಿಕಾದಾಗೂ. ಮಜಾ ಏನಂದ್ರ ಅದು ನಾಲಿಗಿ ಕೆಳಗ ಹೀರೂದ ಕಡಿಮಿ. ನುಂಗಿದ ಉಗುಳಿನ ಜೋಡಿ ಹೊಟ್ಟಿಗೆ ಹೋಗಿ ಅಲ್ಲಿಂದ ರಕ್ತಕ್ಕ ಸೇರ್ತಿತ್ತು. ಎಲ್ಲಿ ತನಕ ಇಳೀತೈತಿ ಅಂತ ಯಾರ ಕೈಯಾಗೂ ಇದ್ದಿಲ್ಲ. ಕೆಲವರಿಗೆ ಲಕ್ವಾ ಹೊಡೀತು, ಕೆಲವರಿಗೆ ಅಲ್ಲೇ ಹಾರ್ಟ್ ಅಟ್ಯಾಕ್ ಆತು. ಬಿಪಿ ಇಳಿಸಾಕ ಹೋಗಿ! ನಾಡಿ ಓಡಿತು, ಕೆಳಗಿನ ಒತ್ತಡ ಬಿತ್ತು, ಕಟ್ಟಿಕೊಂಡ ನಾಳದ ಕಡೆಯ ರಕ್ತ ಹಿಗ್ಗಿದ ನಾಳದ ಕಡೆ ಹರೀತು. ಇದನ್ನ ಪೂರ್ತಿ ನಿಲ್ಲಸ್ರಿ ಅಂತ 1996ರಾಗ ಜಾಮಾ ಪತ್ರಿಕೆಯಾಗ ಗ್ರಾಸ್‌ಮನ್, ಮೆಸ್ಸರ್ಲಿ ಮತ್ತ ಅವರ ಸಂಗಡಿಗರು ಬರೆದರು. ತೊಂದರಿ ಏನೂ ಇರದ ಮನಿಷ್ಯಾಗ ಬರೇ ಅಂಕಿ ಹೆಚ್ಚೈತಿ ಅಂತ ಅರ್ಧ ತಾಸಿನಾಗ ಇಳಿಸೂದು ಚಿಕಿತ್ಸಾ ಅಲ್ಲ. ಹತ್ತಾರು ವರ್ಷದಾಗ ಏರಿದ ಒತ್ತಡಕ್ಕ ಮೆದುಳು, ಹೃದಯ, ಮೂತ್ರಪಿಂಡ ಹೊಂದಿಕೊಂಡಿರ್ತಾವ. ಇಳಿಸಾಕ ವಾರಗಟ್ಟಲೆ ಬೇಕು.

ಕಾಕಾ: ಅದ ಜಾತಿ ಅಮ್ಲೋಡಿಪಿನ್ ಈಗ ಎಲ್ಲಾರ ಮನ್ಯಾಗೂ ಐತಲ್ಲ?

ವೈದ್ಯೆ: ಜಾತಿ ಒಂದ, ನಡಿಗಿ ಬ್ಯಾರೆ. ಮೈಯಾಗ ಅದರ ಅರ್ಧ ಖರ್ಚಾಗಾಕ 30ರಿಂದ 50 ತಾಸು ಹಿಡೀತೈತಿ. ಮೆಲ್ಲಕ ಏರಿ ಮೆಲ್ಲಕ ಇಳಿಯೂದರಿಂದ ನಾಡಿ ಗಾಬರಿ ಬೀಳೂದಿಲ್ಲ. ಕರೋನರಿ ನಾಳ ಸೆಟೆದು ಬರೋ ಎದಿನೋವಿಗೂ ಅದು ಚಲೋ. ಈ ಕ್ಯಾಲ್ಸಿಯಂ ತಡೆಯೋ ಗುಂಪಿನ ಗುಣ ಮೊದಲು ಗುರುತಿಸಿದವರು ಜರ್ಮನಿಯ ಫ್ಲೆಕೆನ್‌ಸ್ಟೈನ್, 1960ರ ದಶಕದಾಗ.

ಕಾಕಾ: ಕಾಲು ಬಾವು ಬರ್ತೈತಿ ಅಂತಾರ. ಹಾರ್ಟ್ ವೀಕ್ ಆಗೈತಿ ಅಂತ ಅಂಜಿ ಮೂತ್ರ ಹೆಚ್ಚಿಸೋ ಲ್ಯಾಸಿಕ್ಸ್ ಕೇಳ್ತಾರ.

ವೈದ್ಯೆ: ಒಳಬರೋ ನಾಳ ಹಿಗ್ಗಿ, ಹೊರಹೋಗೋದು ಹಿಗ್ಗದ ಇದ್ದಾಗ ನೀರು ಕಾಲಾಗ ಸೋರತೈತಿ, ಅಷ್ಟ. ಲ್ಯಾಸಿಕ್ಸ್‌ಗೆ ಅದು ಬಗ್ಗೂದಿಲ್ಲ. ಡೋಸ್ ಕಡಿಮಿ ಮಾಡಿ ಟೆಲ್ಮಿಸಾರ್ಟನ್ ಕೂಡಿಸಿದ್ರ ಎಷ್ಟೋ ಮಂದಿಗೆ ಇಳೀತೈತಿ. ಆದ್ರ ರಾತ್ರಿ ಮಲಗಿದಾಗ ಉಸಿರು ಕಟ್ಟಿದ್ರ, ನಡೆದಾಗ ದಮ್ಮು ಹತ್ತಿದ್ರ ಅದು ಬ್ಯಾರೆ ಮಾತು, ಹೃದಯ ತೋರಸ್ಬೇಕು.

ಕಾಕಾ: ಅಟೆನಾಲಾಲ್‌ದು ಏನು ತಕರಾರು? ಒಂದು ಕಾಲಕ್ಕ ಅದ ರಾಜ. ಈಗ ಬಿಪಿಗೆ ಮೊದಲ ಗುಳಿಗಿ ಅಂತ ಯಾರೂ ಬರಿಯೂದಿಲ್ಲ.

ವೈದ್ಯೆ: ನನಗ ಆ ಬೀಟಾ ಬ್ಲಾಕರ್ ಗುಂಪಿನ ಮ್ಯಾಲೆ ಪ್ರೀತಿ ಐತಿ, ಹೇಳೇಬಿಡ್ತೇನಿ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಅದನ್ನ ಹುಡುಕಿದಾಗ ಬಿಪಿ ಅವನ ತಲ್ಯಾಗ ಇದ್ದಿಲ್ಲ, ಎದಿನೋವು ಇತ್ತು. ಆಗೆಲ್ಲಾ ಕರೋನರಿ ನಾಳ ಹಿಗ್ಗಿಸಿ ರಕ್ತ ಹೆಚ್ಚು ಕೊಡೋ ಔಷಧ ಹುಡುಕ್ತಿದ್ರು. ಅವನು ಹೃದಯಕ್ಕ ಬೇಕಾಗೂದನ್ನ ಕಡಿಮಿ ಮಾಡಿದ್ರಾಗದೇನು ಅಂತ ಉಲ್ಟಾ ಕೇಳಿಕೊಂಡ. 1964ರ ಹೊತ್ತಿಗೆ ಪ್ರೊಪ್ರನೊಲಾಲ್ ಬಂತು; 1988ರಾಗ ಅವನಿಗೆ ನೊಬೆಲ್ ಸಿಕ್ಕಿತು. ಬೀಟಾ ಬ್ಲಾಕರ್ ನಾಡಿ ಇಳಸ್ತೈತಿ, ಬಿಗಿತದ ಜೋರು ತಗ್ಗಸ್ತೈತಿ. ಖರ್ಚು ಕಡಿಮಿ, ಸಡಿಲಿಕಿ ಹೊತ್ತು ಉದ್ದ. ಎರಡೂ ಕಡೆಯಿಂದ ಲಾಭ.

ಕಾಕಾ: ವೀಕ್ ಆದ ಹೃದಯಕ್ಕ ಕೊಡಬಾರದು ಅಂತಿದ್ರಲ್ಲ. ಈಗ ಅಂಥವರಿಗ ಹೆಚ್ಚಾಗಿ ಬರೀತಾರ.

ವೈದ್ಯೆ: ಈ ಕಥಿ ತರಗತಿಯಾಗ ಹೇಳೂದಂದ್ರ ನನಗ ಹಬ್ಬ. ಸೋತ ಹೃದಯಕ್ಕ ಬೀಟಾ ಬ್ಲಾಕರ್ ಕೊಟ್ರ ರೋಗಿ ಸಾಯ್ತಾನ ಅಂತ ಪುಸ್ತಕಗಳೆಲ್ಲಾ ಬರದಿದ್ದವು. ಸ್ವೀಡನ್ನಿನ ಗೋಥೆನ್‌ಬರ್ಗ್ ಊರಾಗ ಫಿನ್ ವಾಗ್‌ಸ್ಟೈನ್ ಮತ್ತ ಸಂಗಡಿಗರು ಕೆಲವೇ ರೋಗಿಗಳಿಗೆ ಕೊಟ್ಟು, ಹೃದಯ ಸುಧಾರಿಸಿತು ಅಂತ 1975ರಾಗ ಬರೆದರು. ಬಾಳ ಮಂದಿ ನಂಬಲಿಲ್ಲ. ಸೋತ ಹೃದಯವನ್ನ ಅಡ್ರಿನಲಿನ್ ಜಾತಿ ರಸಗಳು ವರ್ಷಗಟ್ಟಲೆ ಬಡಿದು ಓಡಸ್ತಿರ್ತಾವ, ಆ ಹೊಡೆತ ತಪ್ಪಿಸಿದ್ರ ಸ್ನಾಯು ಚೇತರಿಸ್ತೈತಿ ಅನ್ನೂದು ಪಕ್ಕಾ ಆಗಾಕ 1999 ಬರಬೇಕಾತು. ಆ ವರ್ಷ ಬಿಸೊಪ್ರೊಲಾಲ್ ಮ್ಯಾಲೊಂದು, ಮೆಟೊಪ್ರೊಲಾಲ್ ಮ್ಯಾಲೊಂದು, ಎರಡು ದೊಡ್ಡ ಪರೀಕ್ಷೆ ಬಂದವು. ಎರಡರಾಗೂ ಸಾವು ನೂರಕ್ಕ 34 ಕಡಿಮಿ. ಆದ್ರ ಉಸಿರುಕಟ್ಟಿ ಒದ್ದಾಡೋ ಹೊತ್ತಿನಾಗ ಶುರು ಮಾಡೂದಲ್ಲ. ನೀರು ಇಳಿದ ಮ್ಯಾಲೆ, ಬಾಳ ಸಣ್ಣ ಡೋಸ್‌ನಿಂದ.

ಕಾಕಾ: ಒಮ್ಮೆಲೇ ಬಿಟ್ಟವರನ್ನ ನಾ ಕಂಡೇನಿ. ಯಾತ್ರಿಗೆ ಹೋಗಿ ಗುಳಿಗಿ ಮರೆತು ಬಂದು ಎದಿ ಹಿಡಕೊಂಡು ಕುಂತವರು.

ವೈದ್ಯೆ: ಬೀಟಾ ಬ್ಲಾಕರ್ ಬಾಳ ದಿನ ತಗೊಂಡ್ರ ಹೃದಯ ಅಡ್ರಿನಲಿನ್ ಹಿಡಿಯೋ ಗ್ರಾಹಿಗಳನ್ನ ಹೆಚ್ಚು ಮಾಡಿಕೊಂಡಿರ್ತೈತಿ. ಗುಳಿಗಿ ನಿಂತಕೂಡ್ಲೆ ಅವೆಲ್ಲಾ ಒಮ್ಮೆ ಎಚ್ಚರಾಗ್ತಾವ. ನಾಡಿ ಓಡ್ತೈತಿ, ಎದಿನೋವು, ಕೆಲವೊಮ್ಮೆ ಅಟ್ಯಾಕ್. ಬಿಡೂದಿದ್ರ ಡಾಕ್ಟ್ರ ಕೇಳಿ ಹಂತ ಹಂತವಾಗಿ ಬಿಡಬೇಕು. ಹಂಗ ವೆರಾಪಮಿಲ್, ಡಿಲ್ಟಿಯಾಜೆಮ್ ಜೋಡಿ ಅದನ್ನ ಕೂಡಿಸಿದ್ರ ನಾಡಿ ತೀರಾ ಬಿದ್ದು ತಲಿ ತಿರುಗಿ ಬೀಳ್ತಾರ. ಎರಡು ಡಾಕ್ಟ್ರ ಹತ್ರ ಎರಡು ಚೀಟಿ ಬರೆಸಿಕೊಂಡ ಬರ್ತಾರಲ್ಲ, ಅವರನ್ನ ಹಿಡಿಯಾಕ ಬರೂದು ನಿಮ್ಮಂಥ ಅಂಗಡಿಯವರಿಗಷ್ಟ.

ಕಾಕಾ: ಎದಿನೋವಿನ ಸಾರ್ಬಿಟ್ರೇಟ್ ಜೋಡಿ ಗಂಡಸರ ಆ ಇನ್ನೊಂದು ಗುಳಿಗಿ ಕೇಳೋರೂ ಇರ್ತಾರವಾ. ಕಿವಿಯಾಗ ಕೇಳ್ತಾರ.

ವೈದ್ಯೆ: ನೀವು ಗಟ್ಟಿಯಾಗಿ ಇಲ್ಲ ಅನ್ರಿ. ಎರಡೂ ಕೂಡಿದ್ರ ಒತ್ತಡ ಬಿದ್ದು ಜೀವ ಹೋದೀತು.

ಕಾಕಾ: ನನ್ನದೊಂದು ಪ್ರಶ್ನಿ. ಎರಡು ಗುಳಿಗಿ, ಎರಡೂ ಬಿಪಿ 140ಕ್ಕ ತಂದವು. ಅಗ್ಗ ಇದ್ದದ್ದನ್ನ ಕೊಟ್ರಾತಲ್ಲ?

ವೈದ್ಯೆ: ಅಮೆರಿಕಾದಾಗ ಆಲ್‌ಹ್ಯಾಟ್ ಅಂತ 40 ಸಾವಿರಕ್ಕೂ ಹೆಚ್ಚು ಮಂದಿ ಮ್ಯಾಲೆ ಒಂದು ಪರೀಕ್ಷೆ ನಡೀತು. ಅದರಾಗ ಡಾಕ್ಸಜೊಸಿನ್ ಕೊಡ್ತಿದ್ದ ಗುಂಪನ್ನ 2000ದಾಗ ಅರ್ಧಕ್ಕ ನಿಲ್ಲಿಸಿದ್ರು. ಒತ್ತಡದಾಗ ವ್ಯತ್ಯಾಸ ಎರಡು ಮೂರು ಅಂಕಿ ಅಷ್ಟ. ಹೃದಯ ಸೋತವರು ಮಾತ್ರ ಕ್ಲೋರ್‌ತಾಲಿಡೋನ್ ತಗೊಂಡವರಿಗಿಂತ ಸುಮಾರು ಎರಡರಷ್ಟು. ಕ್ಲೋರ್‌ತಾಲಿಡೋನ್ ಅಂದ್ರ ಹಳೆ ಕಾಲದ, ಅಗ್ಗದ, ಮೂತ್ರ ಹೆಚ್ಚಿಸೋ ಗುಳಿಗಿ! ಇನ್ನೊಂದು ನೋಡ್ರಿ, 2002ರ ಲೈಫ್ ಅನ್ನೋ ಪರೀಕ್ಷೆ. ಹೃದಯದ ಗೋಡಿ ದಪ್ಪಾದ ಒಂಬತ್ತು ಸಾವಿರ ಮಂದಿ. ಅರ್ಧ ಮಂದಿಗೆ ಲೊಸಾರ್ಟನ್, ಅರ್ಧ ಮಂದಿಗೆ ಅಟೆನಾಲಾಲ್. ಒತ್ತಡ ಇಬ್ಬರಿಗೂ ಹೆಚ್ಚುಕಡಿಮಿ ಒಂದಷ್ಟ ಇಳೀತು. ಲೊಸಾರ್ಟನ್ ತಗೊಂಡವರಾಗ ಲಕ್ವಾ ನೂರಕ್ಕ 25 ಕಡಿಮಿ, ದಪ್ಪಾದ ಗೋಡಿ ತೆಳ್ಳಗಾದದ್ದೂ ಹೆಚ್ಚು. ಹಾರ್ಟ್ ಅಟ್ಯಾಕ್ ಲೆಕ್ಕದಾಗ ಮಾತ್ರ ಇಬ್ಬರಿಗೂ ವ್ಯತ್ಯಾಸ ಇದ್ದಿಲ್ಲ, ಅದನ್ನೂ ಹೇಳಬೇಕು.

ಕಾಕಾ: ಗೋಡಿ ದಪ್ಪಾದ್ರ ಹೃದಯ ಗಟ್ಟಿ ಆಗಲಿಲ್ಲೇನು? ಪೈಲ್ವಾನನ ತೋಳು ದಪ್ಪ ಆದ್ರ ಹೊಗಳ್ತೇವಿ.

ವೈದ್ಯೆ: ಬಿಪಿಯಿಂದ ದಪ್ಪಾದ ಗೋಡ್ಯಾಗ ಸ್ನಾಯು ಬೆಳೀತೈತಿ, ಸಣ್ಣ ರಕ್ತನಾಳ ಅದಕ್ಕ ಸರಿಯಾಗಿ ಬೆಳಿಯೂದಿಲ್ಲ, ನಡುವ ನಾರು ತುಂಬತೈತಿ. ಸಡಿಲಾಗಾಕ ಒಲ್ಲೆ ಅಂತೈತಿ. ಸಡಿಲಾಗದಿದ್ರ ಒಳಗಿನ ಒತ್ತಡ ಏರ್ತೈತಿ, ಮೊದಲು ಹೇಳಿದ ಹೃದಯದ ಪಾಲು ಮತ್ತಷ್ಟು ಸಣ್ಣದಾಗ್ತೈತಿ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಇವೆಲ್ಲಾ ಆಂಜಿಯೋಟೆನ್ಸಿನ್ ಅನ್ನೋ ರಸದ ಹಾದಿ ತಡೀತಾವ, ಆ ರಸನ ಗೋಡಿ ದಪ್ಪ ಮಾಡೋದರಾಗ ದೊಡ್ಡ ಪಾಲುದಾರ. ‘ಪ್ರಿಲ್’ ಗುಂಪಿನ ಮೊದಲ ಗುಳಿಗಿ ಕ್ಯಾಪ್ಟೊಪ್ರಿಲ್, 1981ರಾಗ ಬಂದದ್ದು, ಬ್ರೆಜಿಲ್ಲಿನ ಒಂದು ಹಾವಿನ ವಿಷದ ಅಭ್ಯಾಸದಿಂದ ಹುಟ್ಟಿದ್ದು. ಒಣ ಕೆಮ್ಮು ಅದರ ಕಾಟ.

ಕಾಕಾ: ಈಗ ನನ್ನ ಅಂಕಿ ಹೇಳ್ತೇನಿ. ನಿನ್ನೆ 158, ಕೆಳಗ 62. ನೀ ಇಷ್ಟೊತ್ತು ಹೇಳಿದ್ದು ಕೇಳಿದ್ರ ನಾ ಗುಳಿಗಿ ಕಡಿಮಿ ಮಾಡಬೇಕು ಅನಸ್ತೈತಿ. ನನ್ನ ಬಿಡು, ಇದನ್ನ ಹೊರಗ ಹೇಳಿದ್ರ ಅರ್ಧ ಊರು ಗುಳಿಗಿ ತಿಪ್ಪಿಗೆ ಒಗೀತೈತಿ.

ವೈದ್ಯೆ: ಆ ಅಂಜಿಕಿ ನನಗೂ ಐತಿ. ವಯಸ್ಸಾದ ಮ್ಯಾಲೆ ಮಹಾಪಧಮನಿ ಬಿರುಸಾಗ್ತೈತಿ. ಎಳೇ ವಯಸ್ಸಿನಾಗ ಅದು ಹಿಗ್ಗಿ ರಕ್ತ ಹಿಡಿದುಕೊಂಡು, ಹೃದಯ ಸಡಿಲಾದಾಗ ಕುಗ್ಗಿ ನೂಕ್ತೈತಿ. ಬಿರುಸಾದ್ರ ಹಿಗ್ಗೂದಿಲ್ಲ, ಹಂಗಾಗಿ ಮ್ಯಾಲಿನ ಅಂಕಿ ಏರ್ತೈತಿ. ಕುಗ್ಗೂದಿಲ್ಲ, ಹಂಗಾಗಿ ಕೆಳಗಿಂದು ಬೀಳ್ತೈತಿ. ನಿಮ್ಮ 62 ಗುಳಿಗಿಯ ತಪ್ಪು ಅಂತ ಹೇಳಾಕ ಬರೂದಿಲ್ಲ. ಇಂಥವರಿಗೆ ಚಿಕಿತ್ಸಾ ಬೇಕೋ ಬ್ಯಾಡೋ ಅಂತ 1991ರಾಗ ಶೆಪ್ ಅನ್ನೋ ಪರೀಕ್ಷೆ ಉತ್ತರ ಕೊಟ್ಟೈತಿ. ಮ್ಯಾಲಿಂದಷ್ಟ ಏರಿದ, 60 ದಾಟಿದ 4,736 ಮಂದಿಗೆ ಕ್ಲೋರ್‌ತಾಲಿಡೋನ್‌ನಿಂದ ಶುರು ಮಾಡಿದ್ರು. ಲಕ್ವಾ ನೂರಕ್ಕ 36 ಕಡಿಮಿ ಆತು, ಹೃದಯ ಸೋಲೂದು ಅರ್ಧಕ್ಕ ಇಳೀತು.

ಕಾಕಾ: ಮತ್ತ ಕೆಳಗಿನ ಅಂಕಿ ಬಾಳ ಬಿದ್ರ ಕೆಟ್ಟದ್ದು ಅಂತೀಯಲ್ಲ?

ವೈದ್ಯೆ: ಕರೋನರಿ ಕಾಯಿಲೆ ಇದ್ದ 22 ಸಾವಿರ ಮಂದಿಯ ಇನ್‌ವೆಸ್ಟ್ ಅಭ್ಯಾಸದಾಗ ಕೆಳಗಿನ ಅಂಕಿ 70ಕ್ಕಿಂತ ಇಳಿದಂಗ ಹಾರ್ಟ್ ಅಟ್ಯಾಕ್ ಏರಿತು, ಲಕ್ವಾ ಆ ಪರಿ ಏರಲಿಲ್ಲ. ಇದು 2006ರ ಲೆಕ್ಕ. ಆದ್ರ ಮೊದಲ ಸೋತವರಿಗೆ ಕೆಳಗಿನ ಅಂಕಿ ಕಡಿಮಿ ಇರ್ತೈತಿ. ಯಾವುದು ಕಾರಣ, ಯಾವುದು ಪರಿಣಾಮ ಅನ್ನೋ ಜಗಳ ಇನ್ನೂ ಮುಗಿದಿಲ್ಲ. 2015ರ ಸ್ಪ್ರಿಂಟ್ ಪರೀಕ್ಷೆಯಾಗ ಮ್ಯಾಲಿನ ಅಂಕಿ 120ಕ್ಕಿಂತ ಕೆಳಗ ತಂದ್ರ ಸಾವು ಕಡಿಮಿ ಆದವು. ಅದರಾಗ ಸಕ್ಕರಿ ಕಾಯಿಲೆಯವರು, ಮೊದಲ ಲಕ್ವಾ ಹೊಡೆಸಿಕೊಂಡವರು ಇದ್ದಿಲ್ಲ ಅನ್ನೂದು ನೆನಪಿಡಬೇಕು. ನನ್ನ ಅಭಿಪ್ರಾಯ ಕೇಳಿದ್ರ, ಇಳಿಸೂದು ಖರೆ, ಅವಸರ ಬ್ಯಾಡ. ಎದಿನೋವಿನ ಇತಿಹಾಸ ಇದ್ದವರಿಗೆ ಪ್ರತಿ ಸಲ ಎರಡೂ ಅಂಕಿ, ಅದರ ಜೋಡಿ ನಾಡಿ, ಮೂರೂ ಬರೀಬೇಕು.

ಕಾಕಾ: ಎದಿ ನೋವು ಬಂದಾಗ ಬಿಪಿ ನೋಡಿ ಗುಳಿಗಿ ಕೊಡ್ರಿ ಅಂತ ನಡುರಾತ್ರಿ ಬಾಗಿಲು ಬಡೀತಾರ.

ವೈದ್ಯೆ: ಆಗ ಬಿಪಿ ಯಂತ್ರಕ್ಕಿಂತ ಇಸಿಜಿ ಮುಖ್ಯ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ಕ್ಕ ಹೋದ ಮ್ಯಾಲೆ ಅವರ ಹೆಸರಿನಾಗ ಸರ್ಕಾರ ಹೃದಯ ಜ್ಯೋತಿ ಯೋಜನೆ ಮಾಡೈತಿ. ತಾಲ್ಲೂಕು ಆಸ್ಪತ್ರೆಯಾಗ ತೆಗೆದ ಇಸಿಜಿ ದೂರದ ತಜ್ಞರು ಓದ್ತಾರ, ಬೇಕಿದ್ರ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಪುಕ್ಕಟೆ ಕೊಡ್ತಾರ. ಹುಬ್ಬಳ್ಳಿ, ದಾವಣಗೆರೆ ಅಂತ ಆಮ್ಯಾಲೆ ಹೋಗೂಣಂತ, ಮೊದಲು ಹತ್ರದ ಇಸಿಜಿ. ಅಂದಂಗ, ನಿಮ್ಮ ಮೊಣಕಾಲಿಗೆ ಏನು ತಗೊಳ್ತೀರಿ?

ಕಾಕಾ: ಡೈಕ್ಲೊಫೆನಾಕ್. ದಿನಾ ಅಲ್ಲ… ದಿನಾನ ಅನ್ನು.

ವೈದ್ಯೆ: ಅದು ಮೈಯಾಗ ಉಪ್ಪು ನೀರು ಹಿಡಿದಿಡ್ತೈತಿ, ಟೆಲ್ಮಿಸಾರ್ಟನ್‌ನಂಥ ಗುಳಿಗಿ ಕೆಲಸ ಕೆಡಸ್ತೈತಿ, ಮೂತ್ರಪಿಂಡಕ್ಕೂ ಪೆಟ್ಟು. ಪ್ಯಾಟ್ಯಾಗ ಚೀಲ ಹೊರೋ ಹಮಾಲರೂ ಅದನ್ನ ನುಂಗೋದು ನೋಡೇನಿ. ನೀವು ಎರಡು ವಾರ ಅದನ್ನ ಬಿಡ್ರಿ, ಬಿಪಿಗೆ ಮತ್ತೊಂದು ಗುಳಿಗಿ ಬೇಕೋ ಬ್ಯಾಡೋ ಆಮ್ಯಾಲೆ ನಿಮ್ಮ ಡಾಕ್ಟ್ರು ನೋಡ್ಲಿ.

ಕಾಕಾ: ಮೊಣಕಾಲು?

ವೈದ್ಯೆ: ಮುಲಾಮು ಹಚ್ರಿ. ಈಗ ಎದ್ದು ನಿಂದರ್ರಿ, ನಿಂತಾಗ ಎಷ್ಟಕ್ಕ ಇಳೀತೈತಿ ನೋಡೂಣು. ಮೂರು ನಿಮಿಷ ನಿಂದರಬೇಕು, ಗ್ವಾಡಿಗೆ ಆತುಕೊಂಡ್ರ ನಡಿಯೂದಿಲ್ಲ.